ಬೀಗಿತ್ತಿಯ ಜೊತೆ ಜಗಳಕ್ಕೆ ಬೇಕಾದಷ್ಟು ಗ್ರೀಕ್

ನಮ್ಮ ಅಡುಗೆಮನೆಯ ವಾಟರ್ ಫಿಲ್ಟರಿನ ಮೇಲೆ ‘ನೆರೋ’ ಎಂದು ಬರೆದ ಚೀಟಿಯೊಂದು ಇನ್ನೂ ಅಂಟಿಕೊಂಡಿದೆ. ಮನೆಗೆ ಬಂದವರು ಅದನ್ನು ಓದುತ್ತಾರೆ, ನನ್ನ ಮುಖ ನೋಡುತ್ತಾರೆ, ಏನೂ ಹೇಳದೆ ನೀರು ಕುಡಿದು ಹೋಗುತ್ತಾರೆ. ಮೂವತ್ತು ವರ್ಷ ಲೈಬ್ರರಿಯಲ್ಲಿ ಕೂತು ಸಂಬಳ ತೆಗೆದುಕೊಂಡವಳಿಗೆ ‘ನೀರು’ ಎಂದು ಬರೆಯಲು ಬರುವುದಿಲ್ಲವಲ್ಲ ಎಂಬ ಮರುಕ ಅವರ ಕಣ್ಣಲ್ಲಿ ಕಾಣುತ್ತದೆ. ನನ್ನ ಓರಗಿತ್ತಿ ಬರೀ ಮರುಕದಲ್ಲಿ ನಿಲ್ಲುವವಳಲ್ಲ. ಗೌರಿಹಬ್ಬಕ್ಕೆ ಬಂದಿದ್ದಾಗ ಕ್ಯಾಲೆಂಡರಿಗೆ ಕಟ್ಟಿದ್ದ ಪೆನ್ನು ತೆಗೆದು ‘ನೆರೋ’ವನ್ನು ತಿದ್ದಿ ‘ನೀರು’ ಮಾಡಿ, ಕೆಳಗೊಂದು ಗೆರೆಯನ್ನೂ ಎಳೆದು ಹೋದಳು. ಅವಳು ಗೇಟು ದಾಟಿದ ಮೇಲೆ ನಾನು ಹೊಸ ಚೀಟಿ ಬರೆದು ಅಂಟಿಸಿದೆ.

ಅದು ಗ್ರೀಕ್ ಕಣ್ರೀ ಎಂದು ಹೇಳಿಬಿಡಬಹುದಲ್ಲ ಎನ್ನುತ್ತೀರಿ. ಹೇಳಿದರೆ ಮರುಕ ಇನ್ನೊಂದು ತೂಕ ಹೆಚ್ಚಾಗುತ್ತದೆ, ಅಷ್ಟೆ. ನಿಮ್ಮ ಹತ್ತಿರ ಏನು ಮುಚ್ಚುಮರೆ, ನಿಮಗೆ ಹೇಳುತ್ತೇನೆ. ಗ್ರೀಕಿನಲ್ಲಿ ನೀರಿಗೆ ನೆರೋ ಎಂದೇ ಹೇಳುವುದು. ಇಷ್ಟು ಹತ್ತಿರದ ಪದ ಮೊದಲನೇ ದಿನವೇ ಸಿಕ್ಕಿದ್ದು ನನಗೆ ಮುಳುವಾಯಿತು. ಇಡೀ ಭಾಷೆಯೇ ನಮ್ಮ ಹಿಂದಿನ ಬೀದಿಯಲ್ಲಿದೆ ಎಂದುಕೊಂಡುಬಿಟ್ಟೆ. ಆಗ ಮನೆ ತುಂಬ ಚೀಟಿಗಳಿದ್ದವು. ಬಾಗಿಲಿಗೆ ಪೋರ್ತಾ, ಕುರ್ಚಿಗೆ ಕರೇಕ್ಲಾ. ಕುಕ್ಕರಿನ ಹಬೆಗೆ, ಕೆಲಸದವಳ ಪೊರಕೆಗೆ ಒಂದೊಂದೇ ಉದುರಿ ಈಗ ಇದೊಂದು ಉಳಿದಿದೆ.

ಬೇರೆ ಭಾಷೆ ಕಲಿಯುವುದಕ್ಕೆ ಜನ ದೊಡ್ಡ ದೊಡ್ಡ ಕಾರಣ ಕೊಡುತ್ತಾರೆ. ಸಂಸ್ಕೃತಿಯಂತೆ, ಸ್ನೇಹವಂತೆ, ಮನಸ್ಸು ವಿಶಾಲವಾಗುವುದಂತೆ. ಇದನ್ನೆಲ್ಲ ಹೇಳುವ ಪುಸ್ತಕಗಳಿಗೆ ನಾನೇ ನಂಬರು ಹಾಕಿ ಕಪಾಟಿನಲ್ಲಿ ಜೋಡಿಸಿದ್ದೇನೆ. ಒಬ್ಬರೂ ತೆಗೆದದ್ದು ನೋಡಲಿಲ್ಲ. ನನಗೆ ಅಂಥ ಉದಾತ್ತ ಉದ್ದೇಶ ಯಾವುದೂ ಇರಲಿಲ್ಲ. ನಾನು ಗ್ರೀಕ್ ಕಲಿತದ್ದು ಬೀಗಿತ್ತಿಯ ಜೊತೆ ಜಗಳ ಆಡುವುದಕ್ಕೆ.

ನನ್ನ ಮಗಳು ಚೈತ್ರ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಪ್ರವಾಸಿ ಹಡಗೊಂದರ ಅಡುಗೆಮನೆಗೆ ಸೇರಿದಳು. ಯಲಹಂಕದಲ್ಲಿ ಇದ್ದಷ್ಟು ದಿನ ಒಂದು ಸೌಟು ಮುಟ್ಟದವಳು ಊರಿಗೆಲ್ಲ ಬೇಯಿಸಿ ಹಾಕಲು ಹೋದಳು. ಅದೇ ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಮನೋಲಿಸ್ ಎಂಬ ಗ್ರೀಕ್ ಹುಡುಗನನ್ನು ಮೆಚ್ಚಿ ಮದುವೆಯಾಗಿ, ಅವನ ಬಂದರಿನ ಊರಿನಲ್ಲೇ ಸಂಸಾರ ಹೂಡಿದಳು. ನಮ್ಮ ಯಜಮಾನರು ಹುಣಸಮಾರನಹಳ್ಳಿಯ ಕಡೆಯವರು. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಾದ ಮೇಲೆ ತಾವೂ ಬಿಲ್ಡರ್ ಆದವರು. ಹುಡುಗನ ವಿಷಯ ಕೇಳಿದಾಗ ಅವರ ಮೊದಲ ಪ್ರಶ್ನೆ, “ಜಮೀನು ಎಷ್ಟಿದೆಯಂತೆ?”

“ಮನೆ ಮುಂದೆ ಸಮುದ್ರ ಇದೆಯಂತೆ” ಎಂದೆ.

“ಸಮುದ್ರಕ್ಕೆ ಖಾತಾ ಮಾಡ್ಸಿದಾರಾ?” ಎಂದರು.

ಹುಡುಗನ ತಾಯಿಯ ಹೆಸರು ಎಲೆನಿ. ಯಜಮಾನರ ಬಾಯಲ್ಲಿ ಅದು ಎಳನೀರಾಯಿತು. “ಎಳನೀರಮ್ಮ ಏನಂತಾರೆ?” ಎಂದು ಕೇಳುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತು. ಮೊದಮೊದಲು ಎಳನೀರಮ್ಮ ಏನೂ ಅನ್ನುತ್ತಿರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಕೈ ಬೀಸುತ್ತಿದ್ದಳು, ನಾನೂ ಬೀಸುತ್ತಿದ್ದೆ. ಎರಡು ವರ್ಷ ಹೀಗೆ ಕೈ ಬೀಸಿಕೊಂಡು ನಮ್ಮಿಬ್ಬರ ಸಂಬಂಧ ಬಹಳ ಚೆನ್ನಾಗಿತ್ತು.

ಚೈತ್ರ ಬಸುರಿಯಾದಳು. ಅಲ್ಲಿಂದ ಶುರು.

ಮೊದಲ ಹೆರಿಗೆ, ಬಾಣಂತನ ತವರಿನಲ್ಲಿ. ಇದರಲ್ಲಿ ಚರ್ಚೆಗೆ ಏನಿದೆ ನೀವೇ ಹೇಳಿ. ನಾನು ಮಹಡಿಯ ಬಾಡಿಗೆದಾರರನ್ನು ಬಿಡಿಸಿದೆ. ಗೀಸರ್ ನೀರು ಬಾಣಂತಿಗೆ ಆಗಿಬರುವುದಿಲ್ಲವೆಂದು ಹಳೆಯ ಮನೆಯಿಂದ ತಾಮ್ರದ ಹಂಡೆ ತರಿಸಿ ಹುಣಸೆಹಣ್ಣು ಹಾಕಿ ಉಜ್ಜಿಸಿದೆ. ಸಾಂಬ್ರಾಣಿ, ಅಂಟು, ಒಣಶುಂಠಿ ಎಲ್ಲ ತಂದು ಡಬ್ಬಿಗಳಿಗೆ ತುಂಬಿದೆ. ಆರನೇ ತಿಂಗಳು ನಡೆಯುತ್ತಿದ್ದಾಗ ಅಳಿಯ ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದ, ಅವರಲ್ಲಿಯೂ ಹೆತ್ತವಳು ನಲವತ್ತು ದಿನ ಮನೆಯಿಂದ ಹೊರಗೆ ಕಾಲಿಡಬಾರದಂತೆ, ಆ ನಲವತ್ತು ದಿನ ತಾನೇ ನೋಡಿಕೊಳ್ಳುವುದಾಗಿ ಅವನ ಅಮ್ಮ ಅನ್ನುತ್ತಿದ್ದಾಳಂತೆ. ಅವಳ ನಂಬಿಕೆ ಬೇರೆಯಾಗಿದ್ದರೆ ತಿಳಿಹೇಳಬಹುದಿತ್ತು. ನನ್ನದೇ ನಂಬಿಕೆ ಇಟ್ಟುಕೊಂಡು ನನ್ನ ವಿರುದ್ಧ ನಿಂತವಳಿಗೆ ಏನು ಹೇಳುವುದು?

ಎಲೆನಿಗೆ ಇಂಗ್ಲಿಷ್ ಬಾರದು. ಬಂದಿದ್ದರೂ ಪ್ರಯೋಜನವಿರಲಿಲ್ಲ ಅನ್ನಿ. ಬಾಣಂತಿ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ನೆಟ್ಟಗೆ ಒಂದು ಪದವಿಲ್ಲ, ಬೀಗಿತ್ತಿಗಂತೂ ಇಲ್ಲವೇ ಇಲ್ಲ. ಬೀಗಿತ್ತಿ ಎಂಬ ಪದವೇ ಇಲ್ಲದ ಭಾಷೆಯಲ್ಲಿ ಬೀಗಿತ್ತಿಯ ಜೊತೆ ಜಗಳ ಆಡುವುದು ಹೇಗೆ? ಗ್ರೀಕಿನಲ್ಲಿ ಎರಡೂ ಇವೆ. ಬಾಣಂತಿ ಎಂದರೆ ಲೆಹೋನಾ. ಬೀಗಿತ್ತಿ ಎಂದರೆ ಸಿಂಬೆಥೇರಾ. ತಲೆಯ ಮೇಲೆ ಕೊಡ ಹೊರುವಾಗ ಅಡಿಗೆ ಇಡುವ ಬಟ್ಟೆಯ ಸುರುಳಿಗೆ ನಾವು ಸಿಂಬೆ ಎನ್ನುತ್ತೇವಲ್ಲ, ಹಾಗಾಗಿ ಮರೆಯುವ ಭಯವೂ ಇರಲಿಲ್ಲ. ಈ ಎರಡು ಪದ ಕೇಳಿದ ದಿನ ನನಗೆ ಆ ಜನರ ಮೇಲೆ ಗೌರವ ಹುಟ್ಟಿತು. ಜಗಳಕ್ಕೆ ಯೋಗ್ಯರು ಎನಿಸಿತು.

ಜಗಳವಾಡಿ ಭಾಷೆ ಕಲಿಯುವುದು ನನಗೆ ಹೊಸದಲ್ಲ. ನಾನು ಹುಟ್ಟಿ ಬೆಳೆದದ್ದು ಯಲಹಂಕದ ಹಳೇ ಊರಿನಲ್ಲಿ. ಬೀದಿಗೆ ಒಂದೇ ನಲ್ಲಿ. ಬೆಳಿಗ್ಗೆ ಒಂದು ಗಂಟೆ ಬರುವ ನೀರಿಗೆ ಪ್ಲಾಸ್ಟಿಕ್ ಕೊಡಗಳ ಸಾಲು. ಎದುರುಮನೆಯ ಖೈರುನ್ಬಿ ತಮ್ಮ ಕೊಡವನ್ನು ಕಾಲಲ್ಲೇ ಮುಂದಕ್ಕೆ ತಳ್ಳುವುದರಲ್ಲಿ ನಿಸ್ಸೀಮರು. ಅವರಿಗೆ ಕನ್ನಡದಲ್ಲಿ ಬೈದರೆ ನಗುತ್ತಿದ್ದರು. ಆದ್ದರಿಂದ ನಾನು ಅವರದೇ ಉರ್ದುವಿನಲ್ಲಿ ಬೈಯಲು ಕಲಿತೆ. ಎಂಟನೇ ವಯಸ್ಸಿಗೆ ನನ್ನ ‘ನೈ ನೈ, ಮೇರಾ ನಂಬರ್’ ಬೀದಿಯ ಆ ತುದಿಗೆ ಕೇಳಿಸುತ್ತಿತ್ತು. ಅದರ ಫಲ ಇವತ್ತಿಗೂ ಉಂಟು. ಕನ್ನಡ ಬಾರದವರು ಎದುರಿಗೆ ನಿಂತು ನನಗೆ ಸಿಟ್ಟು ಬಂತೆಂದರೆ, ಅವರು ಯಾವ ದೇಶದವರಾದರೂ ಸರಿ, ನನ್ನ ಬಾಯಿಂದ ಹೊರಡುವುದು ಆ ನಲ್ಲಿಯ ಉರ್ದುವೇ.

ಆ ಖೈರುನ್ಬಿಯವರ ಮಗಳು ಮುಮ್ತಾಜ್ ನನ್ನ ಗ್ರೀಕ್ ಗುರು. ನನಗಿಂತ ಹತ್ತು ವರ್ಷ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ಸೈಪ್ರಸ್ಸಿಗೆ ಹೋಗಿ, ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸದಲ್ಲಿ ಎಂಟು ವರ್ಷ ಇದ್ದು ಬಂದಳು. ಅಲ್ಲಿಯ ಭಾಷೆ ಗ್ರೀಕ್. ಈಗ ಆರ್.ಟಿ. ನಗರದಲ್ಲಿ ಟೈಲರ್ ಅಂಗಡಿಯೊಂದರ ಮೇಲಿನ ರೂಮಿನಲ್ಲಿ, ಅದೇ ಕೆಲಸಕ್ಕೆ ಹೊರಟ ಹೆಂಗಸರಿಗೆ ಮನೆಮಾತಿನ ಗ್ರೀಕ್ ಹೇಳಿಕೊಡುತ್ತಾಳೆ. ಕೆಳಗೆ ಹೊಲಿಗೆ ಮಿಷನ್ನು ಓಡುತ್ತಿದ್ದರೆ ಮೇಲೆ ನಾವು ಎಂಟು ಜನ ಚಾಪೆಯ ಮೇಲೆ ಕೂತು ‘ಸಿಗಾ ಸಿಗಾ’ ಎನ್ನುತ್ತಿದ್ದೆವು. ಹಾಗೆಂದರೆ ನಿಧಾನ, ನಿಧಾನ. ನನ್ನನ್ನು ಬಿಟ್ಟರೆ ಎಲ್ಲರೂ ಮೂವತ್ತರೊಳಗಿನವರು, ಎಲ್ಲರೂ ನನಗಿಂತ ಚುರುಕು.

ಮೊದಲ ದಿನವೇ ನಾನು ನನ್ನ ಅಗತ್ಯ ಹೇಳಿದೆ. “ಮುಮ್ತಾಜ್, ನಂಗೆ ಎ ಬಿ ಸಿ ಡಿ ಎಲ್ಲ ಬೇಡಮ್ಮ. ಜಗಳಕ್ಕೆ ಬೇಕಾದಷ್ಟು ಹೇಳ್ಕೊಡು ಸಾಕು.”

ಅವಳು ನಕ್ಕಳು. “ಜಗಳದ್ ಮಾತು ನಂಗ್ ಬರಲ್ಲ ಅಕ್ಕಾ.”

“ಎಂಟು ವರ್ಷ ಇದ್ದು ಒಂದಾದ್ರೂ ಜಗಳ ಆಡ್ಲಿಲ್ವೇನೇ? ಖೈರುನ್ಬಿ ಮಗಳಾಗಿ?”

“ಆಡಿದ್ರೆ ಮಾರ್ನೇ ದಿನ ಪ್ಲೇನ್ ಹತ್ತಿಸ್ತಾ ಇದ್ರು. ಕೆಲಸಕ್ಕೆ ಹೋದವ್ರಿಗೆ ಜಗಳ ಎಲ್ಲಿ ಅಕ್ಕಾ? ಅದೆಲ್ಲ ಮನೆ ಯಜಮಾನ್ರಿಗೆ.”

ನನ್ನ ಸಿದ್ಧಾಂತಕ್ಕೆ ಮೊದಲ ಪೆಟ್ಟು ಅಲ್ಲಿ ಬಿತ್ತು. ಅವಳ ಹತ್ತಿರ ಇದ್ದದ್ದೆಲ್ಲ ಆರೈಕೆಯ ಗ್ರೀಕ್. ಪೂ ಪೊನಾಸ್, ಎಲ್ಲಿ ನೋವು? ಆನಿಕ್ಸೆ ತೊ ಸ್ತೋಮಾ, ಬಾಯಿ ತೆಗಿ. ಮಾತ್ರೆಗೆ ಹಾಪಿ ಎನ್ನುತ್ತಾರೆ. ಅದನ್ನು ದಿನಕ್ಕೆ ಆರು ನುಂಗುವ ನಮ್ಮ ಯಜಮಾನರ ಮುಖದಲ್ಲಿ ಒಂದು ದಿನವೂ ‘ಹ್ಯಾಪಿ’ ಕಾಣಿಸಿದ್ದಿಲ್ಲ. ಇಂಥ ಮಾತುಗಳನ್ನು ಇಟ್ಟುಕೊಂಡು ಯಾರನ್ನು ಸೋಲಿಸುವುದು? ಸಾಲದ್ದಕ್ಕೆ ಅವಳು ಕಲಿತದ್ದು ಸೈಪ್ರಸ್ಸಿನ ಹಳ್ಳಿಯ ಗ್ರೀಕ್. ನಾನು ನಾಲ್ಕು ಮಾತು ಆಡಿದ್ದು ಕೇಳಿ ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕ. ಯಲಹಂಕಕ್ಕೆ ಬಂದ ಗ್ರೀಕನೊಬ್ಬ ‘ಇಂಗಲ್ಲ ಕಣವ್ವ, ಅಂಗೆ’ ಎಂದು ನಮ್ಮ ಅತ್ತೆಯ ಹಾಗೆ ಮಾತಾಡಿದರೆ ಹೇಗಿರುತ್ತದೋ ಹಾಗಿತ್ತಂತೆ.

ಹೌದು ಎನ್ನುವುದಕ್ಕೆ ಗ್ರೀಕಿನಲ್ಲಿ ‘ನೇ’ ಎನ್ನುತ್ತಾರೆ, ಇಲ್ಲ ಎನ್ನುವುದಕ್ಕೆ ‘ಓಹಿ’. ಇದು ಮುಮ್ತಾಜಳ ಎರಡನೇ ಪಾಠ. ಅವಳಿಗೂ ಆರಂಭದಲ್ಲಿ ಇದು ಕಾಡಿತ್ತಂತೆ. ಮುದುಕಿಯ ಸೊಸೆ ಇನ್ನೊಂದು ಸೌಟು ಹಾಕಲೇ ಎಂದು ಕೇಳುವುದು, ಇವಳು ಬೇಡವೆಂದು ‘ನೈ ನೈ’ ಎನ್ನುವುದು, ಅವಳು ತಟ್ಟೆ ತುಂಬ ಸುರಿಯುವುದು. “ಎರಡು ತಿಂಗ್ಳಲ್ಲಿ ಚೂಡಿದಾರ್ ಎಲ್ಲಾ ಬಿಗಿ ಆಗೋಯ್ತು ಅಕ್ಕಾ” ಎಂದಳು. ನಾನೂ ನಕ್ಕೆ. ನನಗೆ ಅಂಥ ತಪ್ಪು ಆಗುವುದಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಎರಡು ಸಲ ಬರೆದುಕೊಂಡೆ.

ವ್ಯಾಕರಣ ಕಲಿತದ್ದು ಮಾತ್ರ ಹೆಬ್ಬಾಳದ ಫ್ಲೈಓವರಿನ ಮೇಲೆ. ಅಲ್ಲಿ ಬಸ್ಸು ನಿಂತರೆ ಒಂದು ಕ್ರಿಯಾಪದದ ಆರೂ ರೂಪ ಬಾಯಿಪಾಠ ಮಾಡುವಷ್ಟು ಸಮಯವನ್ನು ನಗರ ನಮಗೆ ದಯಪಾಲಿಸಿದೆ. ನಮ್ಮ ‘ಬೇಕು’ ಎಂಥ ಸೋಮಾರಿ ಪದ ನೋಡಿ. ನನಗೆ ಬೇಕು, ನಿನಗೆ ಬೇಕು, ಅವಳಿಗೆ ಬೇಕು. ಯಾರಿಗೆ ಬೇಕಾದರೂ ಅದು ಮೈ ಅಲುಗಿಸುವುದಿಲ್ಲ. ಗ್ರೀಕಿನಲ್ಲಿ ಒಬ್ಬೊಬ್ಬರ ಬೇಕಿಗೂ ಒಂದೊಂದು ರೂಪ. ನನಗೆ ಬೇಕು ಎಂದರೆ ಥೇಲೊ, ನಿನಗೆ ಬೇಕು ಎಂದರೆ ಥೇಲಿಸ್, ಅವಳಿಗೆ ಬೇಕು ಎಂದರೆ ಥೇಲಿ. ಥೇಲೊ ನನ್ನ ನಾಲಗೆಗೆ ಚೆನ್ನಾಗಿ ಹತ್ತಿತು. ಉಳಿದವು ಬಸ್ಸು ಎಸ್ಟೀಮ್ ಮಾಲ್ ದಾಟುವಷ್ಟರಲ್ಲಿ ಮರೆತುಹೋಗುತ್ತಿದ್ದವು.

ಮನೆಯಲ್ಲಿ ಮುಮ್ತಾಜ್ ಕಳಿಸಿದ ಆಡಿಯೋ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೆ. ‘ಬಹಳ ಚೆನ್ನಾಗಿದೆ’ ಎನ್ನುವುದಕ್ಕೆ ‘ಪೊಲಿ ಕಲಾ’ ಎನ್ನಬೇಕು. ಫೋನಿನಲ್ಲಿ ಅವಳ ಜೋರು ದನಿ ‘ಪೊಲಿ ಕಲಾ! ಪೊಲಿ ಕಲಾ!’ ಎಂದಾಗ ಯಜಮಾನರು ಪೇಪರು ಕೆಳಗಿಳಿಸಿದರು. “ಯಾರೇ ಅದು ಬೆಳಿಗ್ಗೆ ಬೆಳಿಗ್ಗೆ ಪೋಲಿ ಕಳ್ಳ ಅಂತ ಬಯ್ತಿರೋದು? ಯಾವ್ ಸೈಟ್‌ನೋನು?” ಎಂದರು. ಬಿಲ್ಡರುಗಳ ಮನಸ್ಸು ಎಲ್ಲಿರುತ್ತದೆ ನೋಡಿ. ಇನ್ನು ಮಗು ಹುಟ್ಟಿದ ಮೇಲೆ ಅವರನ್ನು ಗ್ರೀಕಿನಲ್ಲಿ ‘ಪಾಪು’ ಎಂದು ಕರೆಯುತ್ತಾರೆ, ತಾತ ಎಂದು ಅರ್ಥ ಎಂದು ತಿಳಿಸಿದೆ. ಅರವತ್ತೆರಡು ವರ್ಷದ ಪಾಪು ಮೂರು ದಿನ ನನ್ನ ಜೊತೆ ಮಾತು ಬಿಟ್ಟಿತು.

ಗ್ರೀಕಿನಲ್ಲಿ ಕುರ್ಚಿ ಸ್ತ್ರೀಲಿಂಗ, ಗೋಡೆ ಪುಲ್ಲಿಂಗ. ಇರಲಿ. ಹುಡುಗಿ ನಪುಂಸಕಲಿಂಗವಂತೆ. ಕೊರಿತ್ಸಿ ಎಂದರೆ ಹುಡುಗಿ, ಅದಕ್ಕೆ ‘ಅವಳು’ ಇಲ್ಲ, ‘ಅದು’. ನಾನು ಉರಿದುಬಿದ್ದೆ. ಇದೆಂಥಾ ಭಾಷೆ, ಕುರ್ಚಿಗಿರುವ ಮರ್ಯಾದೆ ಹುಡುಗಿಗೆ ಇಲ್ಲವೇ ಎಂದು ಅಂದು ಊಟಕ್ಕೆ ಕೂತಾಗ ಭಾಷಣವನ್ನೇ ಬಿಗಿದೆ. ಯಜಮಾನರು ಸಾರು ಸುರಿದುಕೊಳ್ಳುತ್ತ, “ಅದಿರ್ಲಿ, ಚೈತ್ರಂಗೆ ಟಿಕೆಟ್ ಯಾವಾಗ ಮಾಡ್ಸೋಣ? ಅದನ್ನೊಂದ್ ಮಾತು ಕೇಳ್ಬೇಕಲ್ಲ” ಎಂದರು.

“ಅದನ್ನೇನ್ ಕೇಳೋದು? ಅದಕ್ಕೇನ್ ಗೊತ್ತಾಗತ್ತೆ?” ಎಂದೆ ನಾನು, ಭಾಷಣ ಮುಗಿಸಿದ ಅದೇ ಬಾಯಲ್ಲಿ.

ಕೇಳಿಯೇ ಇಲ್ಲ ಅಂತೇನಲ್ಲ. ಏಳಕ್ಕೆ ಬಿದ್ದ ಕೂಡಲೇ ಬಂದು ಕರೆದುಕೊಂಡು ಬರುತ್ತೇವೆ ಎಂದಾಗಲೆಲ್ಲ ಅವಳು ‘ನೋಡೋಣಮ್ಮ’ ಎನ್ನುತ್ತಿದ್ದಳು. ಒಪ್ಪಿದ ಹಾಗೇ ಅಲ್ಲವೇ?

ಕೊನೆಗೆ ಬೀಗಿತ್ತಿಯನ್ನು ಎದುರಿಸುವ ಭಾನುವಾರ ಬಂತು. ‘ಮೊದಲ ಮಗು, ತಾಯಿಯ ಮನೆ, ನಮ್ಮ ಪದ್ಧತಿ’ ಎಂಬ ವಾಕ್ಯವನ್ನು ಮುಮ್ತಾಜಳಿಂದ ಬರೆಸಿಕೊಂಡು ನೂರು ಸಲ ಹೇಳಿ ನೋಡಿದ್ದೆ. ಸಂಜೆ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ, ರೇಷ್ಮೆ ಸೀರೆ ಉಟ್ಟು ಕೂತೆ. ಪರದೆಯಲ್ಲಿ ಅಳಿಯ, ಮಗಳು, ನಡುವೆ ಎಲೆನಿ. ಕೆಂಪು ಸ್ವೆಟರು, ದೃಷ್ಟಿಗೆಂದು ಕೊರಳಲ್ಲಿ ನೀಲಿ ಕಣ್ಣಿನ ಮಣಿ.

“ಕಲಿಸ್ಪೇರಾ, ಸಿಂಬೆಥೇರಾ” ಎಂದೆ. ಶುಭಸಂಜೆ, ಬೀಗಿತ್ತಿ. ಅವಳಿಗೆ ಸಂತೋಷ ತಡೆಯಲಾಗಲಿಲ್ಲ. ಎರಡು ಕೈಯೆತ್ತಿ ಶುರು ಮಾಡಿದಳು ನೋಡಿ, ಚಿಕ್ಕಬಾಣಾವರದಲ್ಲಿ ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ ರೈಲು. ಒಂದಕ್ಷರ ಹತ್ತಲಿಲ್ಲ. ಆಮೇಲೆ ಅವಳು ಸ್ವಲ್ಪ ನಿಧಾನಿಸಿ, ಚೈತ್ರಳ ಭುಜದ ಮೇಲೆ ಕೈಯಿಟ್ಟು, ನನ್ನನ್ನೇ ನೋಡುತ್ತ ಏನೋ ಕೇಳಿದಳು. ಅದರಲ್ಲಿ ‘ಲೆಹೋನಾ’ ಕೇಳಿಸಿತು, ‘ಸರಾಂದಾ’ ಕೇಳಿಸಿತು. ಸರಾಂದಾ ಎಂದರೆ ನಲವತ್ತು. ಅಷ್ಟು ಸಾಕಾಯಿತು. ನನ್ನ ಮಗಳ ಭುಜದ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ಕೇಳುವುದೇ! ರಕ್ತ ತಲೆಗೇರಿತು. ನೂರು ಸಲ ಹೇಳಿದ್ದ ವಾಕ್ಯ ಹಾರಿಹೋಯಿತು. ಬಾಯಿ ತಾನಾಗಿಯೇ ನಲ್ಲಿಯ ಹತ್ತಿರ ಹೋಗಿ ನಿಂತಿತು.

“ನೈ!” ಎಂದೆ. “ನೈ ನೈ ನೈ!”

ಎಲೆನಿ ಎರಡೂ ಕೆನ್ನೆಗೆ ಕೈಯಿಟ್ಟುಕೊಂಡಳು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು, ಮತ್ತೆ ಫ್ತು ಫ್ತು ಫ್ತು ಎಂದು ಮೂರು ಸಲ ಉಗಿದಳು.

“ಉಗೀತಾಳಲ್ಲೇ ಎಳನೀರಮ್ಮ!” ಎಂದು ಯಜಮಾನರು ಎದ್ದು ನಿಂತರು.

ಅವಳು ಉಗಿದದ್ದು ನನ್ನ ಕಡೆಗಲ್ಲ, ಚೈತ್ರಳ ಹೊಟ್ಟೆಯ ಕಡೆಗೆ, ದೃಷ್ಟಿ ತಾಗದಿರಲಿ ಎಂದು. ನಮ್ಮಜ್ಜಿಯೂ ಹೀಗೇ ಮಾಡುತ್ತಿದ್ದರು. ಅಳಿಯನ ಕಣ್ಣಲ್ಲಿ ನೀರು. “ಥ್ಯಾಂಕ್ಯೂ ಅಮ್ಮಾ” ಎಂದ. ನಲವತ್ತು ದಿನ ಚೈತ್ರಳನ್ನು ನಮ್ಮಲ್ಲೇ ಬಿಡುತ್ತೀರಾ ಎಂದು ತನ್ನ ತಾಯಿ ಕೇಳಿದಳು, ನೀವು ಒಂದಲ್ಲ, ನಾಲ್ಕು ಸಲ ಹೌದು ಎಂದಿರಿ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ.

‘ಓಹಿ’ ಎಂಬ ಪದ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಎರಡಕ್ಷರ. ಹೇಳಿದ್ದರೆ ಮಹಡಿಯ ರೂಮು, ಹಂಡೆ, ಸಾಂಬ್ರಾಣಿ, ಮಗಳು, ಎಲ್ಲ ನನ್ನವಾಗುತ್ತಿದ್ದವು. ಅಷ್ಟರಲ್ಲಿ ಚೈತ್ರ ಫೋನು ಎತ್ತಿಕೊಂಡು ಬಾಲ್ಕನಿಗೆ ನಡೆದು ಬಾಗಿಲು ಹಾಕಿಕೊಂಡಳು.

“ಅಮ್ಮ, ನೀನು ಬೇಡ ಅಂತ ಹೇಳಕ್ ಹೋಗಿ ನೇ ಅಂದೆ ಅಂತ ನಂಗೊತ್ತು” ಎಂದಳು. “ಆದ್ರೆ ವಾಪಸ್ ತಗೋಬೇಡಮ್ಮ. ಪ್ಲೀಸ್.”

“ಅವ್ಳು ನಿನ್ ತಲೆ ಕೆಡ್ಸಿದಾಳೆ ಕಣೇ.”

“ಅವ್ರಲ್ಲ. ನಾನೇ ಅವ್ರ ಕೈಲಿ ಕೇಳ್ಸಿದ್ದು. ನಂಗಿಲ್ಲೇ ಇರ್ಬೇಕು. ನನ್ ಡಾಕ್ಟ್ರು ಇಲ್ಲಿದಾರೆ, ಮನೋಲಿಸ್ ಇಲ್ಲಿದಾನೆ.”

“ನಂಗ್ ಹೇಳೋಕೇನಾಗಿತ್ತು?”

“ಹೇಳ್ದೆ. ನೀನು ಕೇಳ್ದಾಗೆಲ್ಲ ‘ನೋಡೋಣ’ ಅಂದೆ.”

ಲೈಬ್ರರಿಗೆ ಹೊಸ ಕಪಾಟು ಕೇಳಿದಾಗಲೆಲ್ಲ ಮೇಲಿನವರು ‘ನೋಡೋಣ’ ಎನ್ನುತ್ತಿದ್ದರು, ಅದರ ಅರ್ಥ ನನಗೆ ಗೊತ್ತಿತ್ತು. ಮದುವೆಗೆ ಕರೆದವರಿಗೆ ನಾನೇ ಎಷ್ಟು ಸಲ ‘ನೋಡೋಣ’ ಎಂದಿದ್ದೇನೆ. ಬೆಂಗಳೂರಿನಲ್ಲಿ ಬೇಡ ಎನ್ನುವುದಕ್ಕೆ ಇರುವ ಅತ್ಯಂತ ಮರ್ಯಾದೆಯ ಮಾತು ಅದು. ಮಗಳ ಬಾಯಲ್ಲಿ ಬಂದಾಗ ಮಾತ್ರ ನನಗೆ ಕನ್ನಡ ಬರಲಿಲ್ಲ. ಅವಳು ಕನ್ನಡದಲ್ಲಿ ಹೇಳಿ ಹೇಳಿ ಸಾಕಾಗಿ, ಕೊನೆಗೆ ಗ್ರೀಕಿನಲ್ಲಿ ಹೇಳಿಸಬೇಕಾಯಿತು.

“ನೆಟ್ಟಗೆ ಬೇಡ ಅನ್ಬಾರ್ದಿತ್ತಾ?” ಎಂದೆ.

“ನಿನ್ ಹತ್ರ ಬೇಡ ಅಂದು ಯಾವತ್ತಾದ್ರೂ ಉಳ್ಕೊಂಡಿದೀನಾ? ಪಲ್ಲವಿ ಅಕ್ಕನ ಬಾಣಂತನದಲ್ಲಿ ಮೇ ತಿಂಗ್ಳಲ್ಲಿ ಫ್ಯಾನ್ ಹಾಕಕ್ಕೂ ಬಿಡ್ಲಿಲ್ಲ ನೀನು. ಅವ್ಳು ಅಳ್ತಾ ಇದ್ಲು. ನಂಗೆ ನಿನ್ ಕಂಡ್ರೆ ಭಯ ಅಮ್ಮ. ಇವತ್ತಿಗೂ.”

ಪಲ್ಲವಿ ನನ್ನ ಅಕ್ಕನ ಮಗಳು. ಅವಳು ಅತ್ತದ್ದು ನನಗೆ ನೆನಪಿಲ್ಲ. ಫ್ಯಾನು ಹಾಕದಿದ್ದದ್ದು ನೆನಪಿದೆ, ಹೆಮ್ಮೆಯಿಂದ ನಾಲ್ಕು ಜನಕ್ಕೆ ಹೇಳಿಕೊಂಡದ್ದೂ ನೆನಪಿದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಏನಾದರೂ ಹೇಳಬೇಕಿತ್ತು. ಇಂಥ ಹೊತ್ತಿಗೆಂದು ನನ್ನ ಕನ್ನಡದಲ್ಲಿ ಇದ್ದದ್ದು ಒಂದೇ ವಾಕ್ಯ: ‘ಭಯ ಯಾಕೆ, ನಾನೇನ್ ಹುಲೀನಾ ಕರಡೀನಾ?’ ಅದನ್ನು ಗದರದೆ ಹೇಳಲು ನನಗೆ ಬರುವುದಿಲ್ಲ. ಆಗ ಮುಮ್ತಾಜ್ ತನ್ನ ಮುದುಕಿಗೆ ದಿನಾ ಹೇಳುತ್ತಿದ್ದೆ ಎಂದು ಕಲಿಸಿದ್ದ ಒಂದು ಮಾತು ನೆನಪಾಯಿತು. ಜಗಳಕ್ಕೆ ಬರುವುದಿಲ್ಲವೆಂದು ನಾನು ಅದನ್ನು ನೋಟ್‌ಬುಕ್ಕಿಗೂ ಹಾಕಿರಲಿಲ್ಲ.

“ಮಿ ಫೊವಾಸೆ” ಎಂದೆ. ಹೆದರಬೇಡ.

ಚೈತ್ರ ಮೂಗು ಒರೆಸಿಕೊಂಡಳು.

“ಇನ್ನೊಂದ್ ಸಲ ಹೇಳಮ್ಮ” ಎಂದಳು.

ಹೇಳಿದೆ.